ಹೋದ ದಾರಿಯಲ್ಲೇ ಮರಳುವ ಸೂಜಿ

ನಾನು ಒಂದು ಸೂಜಿ. ನಿಂತರೆ ಕಿರುಬೆರಳಿನ ಎತ್ತರವೂ ಇಲ್ಲ. ಕೈಜಾರಿ ಬಿದ್ದೆನೆಂದರೆ ಮಾತ್ರ ಮನೆಮಂದಿಯೆಲ್ಲ ನೆಲ ನೋಡಿ ಕಾಲಿಡುತ್ತಾರೆ. ಅಷ್ಟೇ ನನ್ನ ದೊಡ್ಡಸ್ತಿಕೆ.

ನಾವು ಒಂಟಿಯಾಗಿ ಹುಟ್ಟುವುದಿಲ್ಲ. ಉಕ್ಕಿನ ತಂತಿಯನ್ನು ಎರಡು ಸೂಜಿಯ ಉದ್ದಕ್ಕೆ ಕತ್ತರಿಸಿ, ಎರಡೂ ತುದಿ ಮಸೆದು, ನಡುವೆ ಎರಡು ಕಣ್ಣು ಕೊರೆದು, ಆಮೇಲೆ ನಡುವಿಗೆ ಮುರಿಯುತ್ತಾರೆ. ನಾನು ಕಣ್ಣು ಬಿಟ್ಟಾಗ ಮೊದಲು ಕಂಡದ್ದು ನನ್ನ ಜೋಡಿಯ ಕಣ್ಣು. ಮರುಗಳಿಗೆಯಲ್ಲಿ ಅದು ಎತ್ತಲೋ ಹೋಯಿತು, ನಾನು ಎತ್ತಲೋ. ಇಪ್ಪತ್ತೈದು ಜನರ ಕಾಗದದ ಪೊಟ್ಟಣದಲ್ಲಿ ಕೂತು ನಾನು ಧಾರವಾಡದ ಒಂದು ಬಳೆ ಅಂಗಡಿಗೆ ಬಂದೆ.

ಮದಿಹಾಳದ ಬಸಲಿಂಗವ್ವ ನಮ್ಮ ಪೊಟ್ಟಣವನ್ನು ಬಿಸಿಲಿಗೆ ಹಿಡಿದು ನೋಡಿ ಕೊಂಡಳು. ಅವಳದು ಕಸೂತಿಯ ಕೈ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಹೋಗಬೇಕು. ದಾರಕ್ಕೆ ಗಂಟು ಹಾಕುವಂತಿಲ್ಲ. ಒಂದು ಹೊಲಿಗೆ, ಒಂದು ಖಾಲಿ, ಒಂದು ಹೊಲಿಗೆ, ಒಂದು ಖಾಲಿ ಎಂದು ಚಿತ್ರದ ಸುತ್ತ ಹೋಗಿ, ಅದೇ ದಾರಿಯಲ್ಲಿ ಖಾಲಿಗಳನ್ನು ತುಂಬುತ್ತ ಹೊರಟಲ್ಲಿಗೇ ಬರಬೇಕು. ಆಗ ಸೀರೆಯ ಮುಂದೂ ಹಿಂದೂ ಒಂದೇ ಚಿತ್ರ. ಇದಕ್ಕೆ ಗವಂತಿ ಎಂದು ಹೆಸರು. ಮೊದಲ ಸಲ ಹೊರಟಲ್ಲಿಗೇ ಮರಳಿ ಬಂದು ನೋಡಿದಾಗ ನನಗೆ ನಂಬಿಕೆಯಾಗಲಿಲ್ಲ. ಹೋಗುವಾಗ ಚುಕ್ಕಿಚುಕ್ಕಿಯಾಗಿ ಬಿಟ್ಟುಹೋದದ್ದು ಬರುವಾಗ ಗೋಪುರವಾಗಿ ನಿಂತಿತ್ತು.

ಬಸಲಿಂಗವ್ವನ ಕಣ್ಣಿಗೆ ಪೊರೆ ಬಂದಾಗ ನಾನು ಮೊಮ್ಮಗಳು ಮಹಾನಂದಾಳ ಕೈಗೆ ಹೋದೆ. ಒಂಬತ್ತನೆಯ ಇಯತ್ತೆಯಲ್ಲಿ ಅವಳ ಮುಖ, ಕಾಲು ಬಾತುಕೊಂಡವು. ಎರಡೂ ಮೂತ್ರಪಿಂಡ ಸೋತಿವೆ ಎಂದರು. ಸಾಲೆ ಅಲ್ಲಿಗೇ ನಿಂತಿತು. ಈಗ ಅವಳಿಗೆ ಇಪ್ಪತ್ತೆರಡು. ಮಾತು ಕಡಿಮೆ. ಯಾರಾದರೂ ಬಂದರೆ ಬಾಗಿಲ ಹಿಂದೆ ಸರಿಯುತ್ತಾಳೆ, ಆದರೆ ಬಂದವರ ಸೆರಗಿನಲ್ಲಿ ಎಷ್ಟು ಹೂವಿತ್ತು ಎಂದು ಆಮೇಲೆ ಸರಿಯಾಗಿ ಹೇಳುತ್ತಾಳೆ.

ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಅವಳ ಚೀಲದಲ್ಲಿ ಹೊದಿಕೆ, ಬಟ್ಟೆ, ದಾರದ ಜೊತೆ ನಾನೂ ಹೋಗುತ್ತಿದ್ದೆ. ಅಲ್ಲಿ ನನ್ನ ಕುಲದ ಹಿರಿಯರನ್ನು ಕಂಡೆ. ಅಬ್ಬಾ, ಎಂಥ ಸೂಜಿಗಳು! ದಪ್ಪ, ಟೊಳ್ಳು. ಒಂದರಿಂದ ಅವಳ ರಕ್ತ ಕೊಳವೆ ಹಿಡಿದು ಯಂತ್ರಕ್ಕೆ ಹೋಗುತ್ತಿತ್ತು, ಇನ್ನೊಂದರಿಂದ ತೊಳೆದುಕೊಂಡು ಮರಳಿ ಬರುತ್ತಿತ್ತು. ನಾಲ್ಕು ತಾಸು. ನಾನು ದಂಗಾಗಿ ನೋಡಿದೆ. ಇದೂ ಗವಂತಿಯೇ. ಕೆಂಪು ದಾರದ್ದು.

ಆ ಸೂಜಿಗಳಿದ್ದ ಎಡಗೈ ಅಲುಗಿಸುವಂತಿರಲಿಲ್ಲ. ಅದಕ್ಕೆ ಶಹನಾಜ್ ಸಿಸ್ಟರ್ ಊಟದ ಮೇಜಿಗೆ ಬಟ್ಟೆಯನ್ನು ಬಿಗಿಯಾಗಿ ಎಳೆದು, ಅರಿವೆ ಒಣಹಾಕುವ ನಾಲ್ಕು ಕ್ಲಿಪ್ಪು ಹಾಕಿಕೊಟ್ಟರು. ಮಹಾನಂದಾ ಬಲಗೈಯೊಂದರಲ್ಲೇ ನನ್ನನ್ನು ನಡೆಸುತ್ತಿದ್ದಳು. ಕಿವಿಯಲ್ಲಿ ಫೋನಿನ ನಾಟಕ. ಕಂಪನಿ ನಾಟಕಗಳ ಹಾಸ್ಯನಟಿ ಕೆರೂರ ಚಂದ್ರವ್ವ ಎಂದರೆ ಅವಳಿಗೆ ಪ್ರಾಣ. ಚಂದ್ರವ್ವ ಗಂಡನನ್ನು ಬೈಯತೊಡಗಿದಳೆಂದರೆ ಇವಳ ಮೈಯೆಲ್ಲ ಕುಲುಕಿ, ಎಡಗೈ ಅಲುಗಿ, ಯಂತ್ರ ಕೂಗುತ್ತಿತ್ತು.

“ಯವ್ವಾ ನಂದಾ, ಆಕೀನ್ನ ಬಂದ್ ಮಾಡು. ನಿಮ್ಮ ಚಂದ್ರವ್ವ ನನ್ನ ನೌಕರಿ ತಗೀತಾಳ ನೋಡು,” ಎಂದು ಸಿಸ್ಟರ್ ಓಡಿ ಬರುತ್ತಿದ್ದರು.

“ಆಕೀ ಏನ್ ಮಾಡ್ಯಾಳ್ರೀ, ನಿಮ್ಮ ಮಶೀನಿಗೆ ನಗಿ ತಿಳಿಯಂಗಿಲ್ಲ,” ಎನ್ನುತ್ತಿದ್ದಳು ಮಹಾನಂದಾ. ದಿನಕ್ಕೆ ಅವಳು ಆಡುತ್ತಿದ್ದ ಉದ್ದನೆಯ ಮಾತು ಅದೊಂದೇ.

ಆ ಬೇಸಿಗೆಯಲ್ಲಿ ಚಂದ್ರವ್ವನ ಕಂಪನಿ ಧಾರವಾಡದಲ್ಲಿ ಟೆಂಟು ಹಾಕಿತು. ಅವಳ ಮಂಡಿ ಸವೆದು ಹೋಗಿತ್ತಂತೆ. ಕ್ಯಾಂಪಿನ ಕಡೆಯ ಭಾನುವಾರ, ಮಧ್ಯಾಹ್ನದ ಆಟ ಮುಗಿಸಿ, ಮೂವತ್ತೆಂಟು ವರ್ಷದ ಬಣ್ಣ ತೊಳೆದು ಊರಿಗೆ ಹೋಗುತ್ತಾಳೆಂದು ಗೋಡೆಗೋಡೆಗೂ ಚೀಟಿ ಅಂಟಿಸಿದ್ದರು. ಮಹಾನಂದಾ ತನಗೆಂದು ತೆಗೆದಿಟ್ಟಿದ್ದ ಹೊಸ ಇಳಕಲ್ ಸೀರೆ ಹೊರಗೆ ತೆಗೆದಳು. ಸೆರಗಿಗೆ ಗೋಪುರ ತುಂಬಿ ಆ ದಿನ ಚಂದ್ರವ್ವನ ಕೈಗೆ ಕೊಡಬೇಕು. ಬೇರೆ ಆಸೆ ಅವಳು ಯಾರಿಗೂ ಹೇಳಿದ್ದನ್ನು ನಾನು ಕೇಳಿಲ್ಲ.

ಹದಿನಾರು ಗೋಪುರ ಆದವು. ಹದಿನೇಳನೆಯದು ನಡುವಿನದು, ಎಲ್ಲಕ್ಕಿಂತ ದೊಡ್ಡದು. ಗುರುವಾರ ಅದರ ಮೆಟ್ಟಿಲು ಹತ್ತುತ್ತಿದ್ದಾಗ ಯಂತ್ರದ ಮೇಲೆ ಅವಳ ಬಿ.ಪಿ. ಒಮ್ಮೆಲೇ ಇಳಿಯಿತು. ಬೆರಳು ತಣ್ಣಗಾದವು. ಸಿಸ್ಟರ್ ಕಾಲುಗಡೆ ಹಾಸಿಗೆ ಎತ್ತಿ, ಸಲೈನ್ ಬಿಟ್ಟರು. ಕಣ್ಣು ತೆರೆದದ್ದೇ ಅವಳು ನನ್ನನ್ನು ಹುಡುಕಿ ಹಿಡಿದಳು. ನಾಲ್ಕು ಎಳೆ ಎತ್ತುವಲ್ಲಿ ಐದು ಎತ್ತಿದಳು. ನನಗೆ ಗೊತ್ತಾಯಿತು. ಆದರೆ ಸೂಜಿಗೆ ಕಣ್ಣಿದೆ, ಬಾಯಿಲ್ಲ.

ಶನಿವಾರ ಸಂಜೆ ಮನೆಯಲ್ಲಿ ಬಸಲಿಂಗವ್ವ ಸೆರಗನ್ನು ತಿರುವಿ ಹಾಕಿ ಹಿಂಬದಿಯಲ್ಲಿ ಉಗುರು ಆಡಿಸಿದಳು. ಉಗುರು ಒಂದು ಕಡೆ ನಿಂತಿತು.

“ಇಲ್ಲೆ ಒಂದು ಎಳಿ ಹೆಚ್ಚಿಗಿ ಹಿಡದೀ, ನಂದಾ.”

“ಹೊಳ್ಳಿ ಬರಾಕ ಜಾಗಾ ತಪ್ಪತೈತೇನ್ ಆಯಿ?”

“ತಪ್ಪತೈತಿ. ಒಂದು ಗಂಟು ಹಾಕಿ ಮುಚ್ಚಿದ್ರ ಆಕೀಗೇನ್ ತಿಳೀತೈತಿ? ನಾಟಕದಾಕಿ. ನಾಳೆ ಕೊಡೂದಲ್ಲ?” ಎಂದಳು ಮುದುಕಿ. ಕುರುಡುಗಣ್ಣು ಮೊಮ್ಮಗಳ ಕಡೆಗೇ ಇತ್ತು. ನೋಡಲಾಗದೆಯೂ ಅವಳು ನೋಡುತ್ತಿದ್ದಳು.

ಮಹಾನಂದಾ ಸೆರಗನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ನನ್ನನ್ನು ತಿರುವಿ, ನನ್ನ ಕಣ್ಣಿನ ತುದಿಯಿಂದಲೇ ಒಂದೊಂದು ಹೊಲಿಗೆ ಎತ್ತಿ ಬಿಚ್ಚಿದಳು. ಮೂರು ದಿನದ ಮೆಟ್ಟಿಲು ದಾರವಾಗಿ ತೊಡೆಯ ಮೇಲೆ ಬಿತ್ತು. ಮುದುಕಿ ಹೊಸ ದಾರ ಚಾಚಿದಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹೋಗುವ ಸಾಲು ಮುಗಿದಿತ್ತು, ಬರುವ ಸಾಲು ಉಳಿದಿತ್ತು. ದೊಡ್ಡ ಗೋಪುರ ಬರೀ ಚುಕ್ಕಿ. ನಾನು ಅದರ ಶಿಖರದಲ್ಲೇ ಚುಚ್ಚಿಕೊಂಡಿದ್ದೆ. ಹಾಗೇ ಮಡಚಿ ಒಯ್ದಳು.

ಟೆಂಟಿನ ಬಣ್ಣದ ಕೋಣೆಯಲ್ಲಿ ಚಂದ್ರವ್ವ ಸ್ಟೂಲಿನ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಹಾನಂದಾ ಕೊಟ್ಟ ಸೀರೆಯ ಮಡಿಕೆಯನ್ನು ಅವಳು ಬಿಚ್ಚಿದಾಗ ನಾನು ಹೊಳೆದೆ.

“ಇದೇನವ್ವಾ, ಸೂಜಿ ಸುದ್ದಾ ಉಡುಗೊರಿ! ನನ್ನ ಬಾಯಿ ಹೊಲಿಯಾಕ ಯಾರರೆ ಕಳಿಸ್ಯಾರೇನು?” ಎಂದಳು ಚಂದ್ರವ್ವ.

ಮಹಾನಂದಾ ನಗಲಿಲ್ಲ. ನೆಲ ನೋಡುತ್ತ ಹೇಳಿದಳು: “ಮುಗಿದಿಲ್ರೀ. ಹೋಗೂದು ಆಗೇತಿ, ಹೊಳ್ಳಿ ಬರೂದು ಉಳದೈತಿ. ಮಂಗಳವಾರ ಡಯಾಲಿಸಿಸ್ ಐತಿ, ಅಲ್ಲೆ ಕುಂತು ಮುಗಸ್ತಿದ್ನಿ. ನೀವ್ ಹೊಂಟೀರಿ.”

ಚಂದ್ರವ್ವ ಅವಳ ಎಡಗೈಯನ್ನು ನೋಡಿದಳು. ಚುಚ್ಚಿಚುಚ್ಚಿ ಉಬ್ಬಿದ ನರವನ್ನು ನೋಡಿದಳು. ನನ್ನನ್ನು ತೆಗೆದು, ಕನ್ನಡಿಯ ಪಕ್ಕದ ಪರದೆಗೆ ಚುಚ್ಚಿ, ಸೀರೆ ಉಟ್ಟುಕೊಂಡು ರಂಗಕ್ಕೆ ಹೋದಳು. ಅಲ್ಲಿಂದ ನನಗೆ ಕಂಡದ್ದು ಅವಳ ಬೆನ್ನು, ಅದರ ಮೇಲೆ ಹದಿನಾರು ಗೋಪುರ ಮತ್ತು ಒಂದಿಷ್ಟು ಚುಕ್ಕಿ. ಸಾವಿರ ಜನರ ನಗು ಟೆಂಟಿನ ತಗಡನ್ನು ನಡುಗಿಸಿತು. ಕೊನೆಗೆ ಅವಳು ಕೈಮುಗಿದು ಸೆರಗು ಹರಡಿದಳು. “ಇದು ಅರ್ಧ ಐತಿ. ಅರ್ಧಾ ಸೀರಿ ಉಟ್ಕೊಂಡು ನಾ ಎಲ್ಲಿಗೂ ಹೋಗಾಂಗಿಲ್ಲ,” ಎಂದಳು.

ಜನ ಅದನ್ನು ತಮಾಷೆ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಮಂಗಳವಾರ ಕಂಪನಿಯವರು ತಗಡು ಬಿಚ್ಚಿ ಲಾರಿಗೆ ಏರಿಸುತ್ತಿದ್ದಾಗ ಚಂದ್ರವ್ವ ಕುಂಟುತ್ತ ಆಸ್ಪತ್ರೆಗೆ ಬಂದಳು. ಮಡಚಿದ ಸೀರೆ, ಅದರಲ್ಲಿ ನಾನು. ಶಹನಾಜ್ ಸಿಸ್ಟರ್ ಬಾಯಿ ಮೇಲೆ ಕೈ ಇಟ್ಟುಕೊಂಡರು. “ನಗಸಂಗಿದ್ರ ಒಳಗ ಬಿಡಾಂಗಿಲ್ರೀ ನಾ,” ಎಂದರು.

ನಗಿಸಲಿಲ್ಲ ಅವಳು. ನಾಲ್ಕು ತಾಸು ಹಾಸಿಗೆಯ ಪಕ್ಕ ಕೂತು ನೋಡಿದಳು. ಒಮ್ಮೆ ಕೆಂಪು ಕೊಳವೆಗಳನ್ನು, ಒಮ್ಮೆ ನನ್ನನ್ನು. ಅಷ್ಟು ದಿನ ಬಾಗಿಲ ಹಿಂದಿನಿಂದ ನೋಡುತ್ತಿದ್ದವಳು ಬೆಳಕಿನಲ್ಲಿದ್ದಳು, ರಂಗದ ಮೇಲೆ ನೋಡಿಸಿಕೊಳ್ಳುತ್ತಿದ್ದವಳು ನೋಡುತ್ತಿದ್ದಳು. ನಾನು ಒಂದೊಂದೇ ಖಾಲಿ ತುಂಬುತ್ತ ಮೆಟ್ಟಿಲಿಳಿದು ಬಂದೆ. ಕಡೆಯ ಹೊಲಿಗೆ ಮೊದಲ ಹೊಲಿಗೆಯ ತೂತಿಗೇ ಇಳಿಯಿತು. ಎಳೆಯೊಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಚಂದ್ರವ್ವ ಸೆರಗು ತಿರುವಿದಳು. ಹಿಂಬದಿ ನೋಡಿದಳು. ಮತ್ತೆ ಮುಂಬದಿ.

“ಎರಡೂ ಕಡೆ ಒಂದಽ ಐತಲ್ಲ ತಂಗಿ,” ಎಂದಳು ಮೆಲ್ಲಗೆ. “ನಮ್ಮ ಪರದೆ ಹಿಂದ ಯಾರರೆ ಬಂದ್ರ ಬರೀ ಹರಕು ಕಾಣ್ತಾವು. ನೀ ಪರದೇನ ಇಟ್ಟಿಲ್ಲ.”

ಮಹಾನಂದಾ ನಕ್ಕಳು. ಯಂತ್ರ ಕೂಗಿತು. ಸಿಸ್ಟರ್ ಓಡಿ ಬರಲಿಲ್ಲ. ಅಲ್ಲೇ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ಅದೆಲ್ಲ ಆಗಿ ಏಳು ವರ್ಷ. ಬಸಲಿಂಗವ್ವ ಇಲ್ಲ. ನನ್ನ ಕಣ್ಣು ಹೋದ ವರ್ಷ ಒಡೆಯಿತು, ದಾರ ನಿಲ್ಲುವುದಿಲ್ಲ. ಮಹಾನಂದಾ ನನ್ನನ್ನು ಎಸೆಯಲಿಲ್ಲ, ಆಸ್ಪತ್ರೆಯ ಚೀಲದ ಒಳಮಡಿಕೆಗೆ ಚುಚ್ಚಿಟ್ಟಳು. ಕತ್ತಲಲ್ಲಿ ಕೂತು ನಾನು ಲೆಕ್ಕ ಹಾಕುತ್ತೇನೆ: ವಾರಕ್ಕೆ ಮೂರು ಸಲ ಅವಳ ರಕ್ತವೆಲ್ಲ ಅವಳನ್ನು ಬಿಟ್ಟು ಹೋಗಿದೆ, ಮೂರು ಸಲವೂ ದಾರಿ ತಪ್ಪದೆ ಮನೆಗೆ ಬಂದಿದೆ. ಎಷ್ಟು ಸಾವಿರ ಗೋಪುರ! ಉಕ್ಕಿನಿಂದ ಹುಟ್ಟಿದವನು ನಾನು. ಉಕ್ಕಾಗಿ ಬಾಳಿದವಳು ಅವಳು.

ನಾಳೆ ಮಂಗಳವಾರ. ಹೊದಿಕೆ ಮಡಚುವ ಸದ್ದು ಕೇಳುತ್ತಿದೆ.