ಹಡಗಿನಲ್ಲಿ ಬಂದವಳು

ಆರಿಹೋದ ಸೂಪನ್ನು ಯಾಕೆ ಹೀಗೆ ಊದುತ್ತಾನೋ ಇವನು, ಬೀಟ್‌ರೂಟ್ ಸೂಪು, ಅಂಗಿಯ ಮೇಲೆಲ್ಲ ಕೆಂಪು ಹನಿ, ಒರೆಸಲು ಹೋದರೆ ಕೈ ತಳ್ಳುತ್ತಾನೆ, ಇರಲಿ ಬಿಡು ಅಂದುಕೊಂಡಳು ಬೊಗ್ನಾ, ಎಲುಬಿನ ಕೋಣೆಯಲ್ಲಿ ಊಟ ಮಾಡಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದವಳೂ ತಾನೇ, ಆದರೆ ಗಂಡನನ್ನು ಮನೆಯಲ್ಲಿ ಒಬ್ಬನೇ ಬಿಟ್ಟು ಮ್ಯೂಸಿಯಂಗೆ ಬರುವ ಹಾಗಿಲ್ಲವಲ್ಲ, ಮೊನ್ನೆ ಚಪ್ಪಲಿ ಹಾಕದೆ ಟ್ರಾಮ್ ಹತ್ತಿಬಿಟ್ಟಿದ್ದ — ಇವತ್ತು ಹೇಳಲೇಬೇಕು, ಕ್ಸಾವೆರಿ, ನೀನೇ ಗೆದ್ದೆ ಕಣೋ, ಅಷ್ಟೇ, ಎಷ್ಟು ಚಿಕ್ಕ ಮಾತು. ಬೆಳಿಗ್ಗೆ ಪ್ರಯೋಗಾಲಯದಿಂದ ಫೋನ್ ಬಂದಿತ್ತು, ಮೇಜಿನ ಮೇಲೆ ಬರೀ ಎಲುಬಾಗಿ ಮಲಗಿರುವ ಈ ಹೆಂಗಸಿನ ಹಲ್ಲು ಬಾಯಿಬಿಟ್ಟಿದೆ, ಎರಡು ಸಾವಿರ ವರ್ಷದ ಹಿಂದೆ ಮಗುವಾಗಿದ್ದಾಗ ಕುಡಿದದ್ದು ಇಲ್ಲಿನ ವಿಸ್ತುಲಾ ನದಿಯ ನೀರಲ್ಲ, ಸಮುದ್ರದಾಚೆಯ ಸ್ವೀಡನ್ನಿನ ನೀರು, ಇವಳ ಪಕ್ಕದ ಗೋರಿಗಳಲ್ಲಿರುವ ಗಾಥ ಬುಡಕಟ್ಟಿನವರದೂ ಅದೇ ಕಥೆ. ಗಾಥರು ಹಡಗಿನಲ್ಲೇ ಬಂದದ್ದು ಕಣೇ, ಒಬ್ಬ ರಾಜ, ಮೂರು ಹಡಗು, ಹಳಬರು ಬರೆದಿಟ್ಟದ್ದು ಪೂರಾ ಸುಳ್ಳಿರುತ್ತಾ ಎಂದು ಮದುವೆಯ ಊಟದ ದಿನವೂ ವಾದಿಸಿದ್ದ ಇವನು, ಹೋಗೋ ನಿನ್ನ, ಕಾಗಕ್ಕ ಗುಬ್ಬಕ್ಕನ ಕಥೆ ಅದು, ಯಾರೂ ಎಲ್ಲಿಂದಲೂ ಬರಲಿಲ್ಲ, ಇಲ್ಲಿನ ಜನವೇ ಬಟ್ಟೆ ಬದಲಿಸಿದರು, ಬದುಕು ಬದಲಿಸಿದರು, ದಕ್ಷಿಣಕ್ಕೆ ನಡೆದು ಕಪ್ಪು ಸಮುದ್ರದ ಹತ್ತಿರ ರಾಜ್ಯ ಕಟ್ಟಿದರು ಎಂದು ಇವಳು. ಅದೂ ಮನೆಯೊಳಗೇ ಮುಗಿದಿದ್ದರೆ ಸರಿಹೋಗುತ್ತಿತ್ತು, ಗ್ದಾನ್ಸ್ಕಿನ ವಿದ್ವಾಂಸರ ಸಭೆಯಲ್ಲಿ ಎದ್ದು ನಿಂತು, ನಮ್ಮ ಯಜಮಾನರಿಗೆ ಸ್ನಾನದ ತೊಟ್ಟೀಲೂ ಗಾಥರ ಹಡಗೇ ಕಾಣುತ್ತೆ ಅಂದುಬಿಟ್ಟಳಲ್ಲ, ಸಭೆಯೆಲ್ಲ ಹೊಟ್ಟೆ ಹಿಡಿದು ನಕ್ಕಿತು, ಅವನೂ ನಕ್ಕ, ಆಮೇಲೆ ಹಡಗಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ, ಅಯ್ಯೋ, ಯಾಕೆ ಬರೆಯುತ್ತಿಲ್ಲ ಎಂದು ಒಮ್ಮೆಯಾದರೂ ಕೇಳಿದಳೇ, ಇಲ್ಲ.

ಈ ಹೆಂಗಸಿನ ಗೋರಿ ತೆಗೆದಾಗ ಎಲುಬೆಲ್ಲ ಕಲಸಿಹೋಗಿತ್ತು, ಕಳ್ಳರು ಅಗೆದಿದ್ದಾರೆ ಅಂದಳು ಬೊಗ್ನಾ, ಕಳ್ಳರಾಗಿದ್ರೆ ಬೆಳ್ಳಿ ಬಳೆ ಬಿಟ್ಟು ಹೋಗ್ತಿದ್ರೇನೇ ಪೆದ್ದಿ, ಅಂದಿದ್ದ ಕ್ಸಾವೆರಿ, ಆಗಿನ್ನೂ ಅವನ ತಲೆ ನೆಟ್ಟಗಿತ್ತು, ಇದು ಮನೆಯವರದೇ ಕೆಲಸ, ಮಣ್ಣು ಮಾಡಿ ಎಷ್ಟೋ ಕಾಲ ಆದ್ಮೇಲೆ ತಾವೇ ಬಂದು ತೆಗೆಯೋರು, ಬೇಕಾದ್ದು ತಗೊಂಡು ಮತ್ತೆ ಮುಚ್ಚೋರು, ಏನೋ ಹೇಳೋದು ಬಾಕಿ ಇತ್ತೇನೋ ಪಾಪ. ಹೌದು, ಬಟ್ಟೆ ಬಿಗಿಯುವ ಕಂಚಿನ ಪಿನ್ನನ್ನು ಒಯ್ದಿದ್ದಾರೆ, ಕೊರಳೆಲುಬಿನ ಮೇಲೆ ಅದು ಕೂತಿದ್ದ ಕಡೆ ಕಿಲುಬಿನ ಹಸಿರು ಕಲೆ ಮಾತ್ರ ಉಳಿದಿದೆ, ಎಷ್ಟು ತೊಳೆದರೂ ಹೋಗದು ಆ ಹಸಿರು. ಸಾಕು, ಹೇಳು, ಈಗಲೇ ಹೇಳು, ಕ್ಸಾವೆರಿ, ಕೇಳಿಲ್ಲಿ, ನೀನು ಹೇಳಿದ್ದೇ ಸರಿ, ಹಡಗಿನಲ್ಲೇ ಬಂದ್ರಂತೆ. ಅವನು ಬಟ್ಟಲು ಕೆಳಗಿಟ್ಟ, ಕಣ್ಣಲ್ಲಿ ಹಳೆಯ ತುಂಟತನ, ದೇವರೇ, ತಿಳಿಯಿತೇ ಇವನಿಗೆ — ಹಡಗೂ ಇಲ್ಲ ಗಿಡಗೂ ಇಲ್ಲ ಮೇಡಂ, ಎಲ್ಲಾ ಇಲ್ಲೇ ಹುಟ್ಟಿ ಬೆಳೆದ ಜನ. ಮೇಡಂ ಅಂದ, ಅನ್ನಲಿ, ಅದು ಅಭ್ಯಾಸವಾಗಿದೆ, ಆದರೆ ಇದೇನಿದು, ಅಲ್ಲ ಕಣೋ, ಹಡಗು ಅಂತ ನೀನೇ ಹೇಳ್ತಿದ್ದೆ, ನೀನು, ಜನ್ಮಪೂರ್ತಿ. ನಾನಾ? ನನಗೇನು ತಲೆ ಕೆಟ್ಟಿತ್ತಾ? ಯಾರೋ ಕಾಗೆ ಹಾರಿಸಿದ್ದಾರೆ ನಿಮಗೆ. ಯಾರೂ ಎಲ್ಲಿಂದಲೂ ಬರಲಿಲ್ಲ, ನಮ್ಮ ಬೊಗ್ನಾ ಹೇಳೋದು ಅದೇ, ಅವಳು ತಪ್ಪು ಹೇಳೋಳಲ್ಲ, ಬೇಕಾದ್ರೆ ಅವಳನ್ನೇ ಕೇಳಿ, ಈಗ ಬಂದುಬಿಡ್ತಾಳೆ. ಬಾಗಿಲ ಕಡೆ ನೋಡುತ್ತಾನೆ, ಎಷ್ಟು ನಂಬಿಕೆಯಿಂದ ನೋಡುತ್ತಾನೆ, ಅವನದೆಲ್ಲ ಹೋಯಿತು, ಹಡಗು ಹೋಯಿತು, ರಾಜ ಹೋದ, ಇವಳ ಮಾತೊಂದೇ ಅವನ ತಲೆಯಲ್ಲಿ ಕೂತುಬಿಟ್ಟಿದೆ, ಬೇಡದ ಮಾತು, ತಪ್ಪು ಮಾತು, ಅದನ್ನಾದರೂ ತೆಗೆದುಬಿಡಲೇ ಹೇಗಾದರೂ, ಕ್ಸಾವೆರಿ, ನಿನ್ನ ಬೊಗ್ನಾದು ತಪ್ಪಾಯಿತು ಕಣೋ, ಅವನು ತಲೆಯಾಡಿಸಿ ನಗುತ್ತಾನೆ, ಇಲ್ಲ ಮೇಡಂ, ಅವಳದು ತಪ್ಪಾಗಲ್ಲ, ಮೇಜಿನ ಮೇಲೆ ಕೊರಳೆಲುಬು, ಪಿನ್ನಿಲ್ಲ, ಹಸಿರು ಮಾತ್ರ, ಆ ಹಸಿರು, ಹಸಿರು —