ಹುಕ್ಕಿನ ಮೇಲಿನ ಕುಂಕುಮ

ಆಯುಧಪೂಜೆಯ ಮರುದಿನ ಮಾವ ಹಾಲೇಶಪ್ಪ ಕುಪ್ಪೇಲೂರಿನಿಂದ ಟ್ರ್ಯಾಕ್ಟರ್ ಟ್ರೇಲರಿನ ಹುಕ್ಕು ಹೊತ್ತು ರಾಣೆಬೆನ್ನೂರಿಗೆ ಬಂದರು. ಇಲ್ಲಿನ ವರ್ಕ್‌ಶಾಪಿನಲ್ಲಿ ಬಿರುಕು ನೋಡುವ ಕೆಲಸ ನನ್ನದು. ಹೋದ ವರ್ಷ ಇಂಥದೇ ಹುಕ್ಕು ಮುರಿದು ಅವರ ಮಗ, ನನ್ನ ಗಂಡ, ಸತ್ತಿದ್ದ.

“ಪೂಜಿ ಕುಂಕುಮ ಐತಿ, ಒರಸಬ್ಯಾಡವಾ.”

“ಎಣ್ಣಿ ಕುಂಕುಮ ಬಿರುಕಿನ್ಯಾಗ ಕುಂತ್ರ ಬಿರುಕು ತೋರಸೂ ನಮ್ಮ ಬಣ್ಣ ಒಳಗ ಇಳಿಯಂಗಿಲ್ರಿ, ಮಾವಾರ. ನನ್ನ ಹಣಿ ಮ್ಯಾಲಿಂದು ಒರಸೂಮುಂದ ಸುಮ್ಮನ ನಿಂತಿದ್ರಲ್ಲ, ಈಗೂ ನಿಂದರ್ರಿ.”

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟೂ ಉಳಿದಿಲ್ಲ.

ಹುಕ್ಕು ತೊಳೆದು ಕೆಂಪು ಬಣ್ಣ ಸವರಿದೆ. ಅದು ಒಳಗೆ ಇಳಿಯುವವರೆಗೆ ಕಾದು, ಮೇಲಿನದನ್ನು ಒರೆಸಿ, ಬಿಳಿ ಪುಡಿ ಸಿಂಪಡಿಸಿದೆ. ಬಿಳಿಯ ಮೇಲೆ ಸಣ್ಣಗೆ ಕೆಂಪು ಗೆರೆ ಮೂಡಿತು.

ಕುಂಕುಮ ತಿರುಗಿ ಬಂತೆಂದು ಮಾವ ಕೈಮುಗಿದರು.

“ಬಿರುಕು ಅದು,” ಅಂದೆ. “ಕೈ ಇಳಸ್ರಿ.”