ತಟ್ಟೆಗೆ ಅಂಟಿದ ಪುಡಿ

ಸತುವಿನ ಆಕ್ಸೈಡ್ ಪುಡಿಯನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಅದರ ಕಣಗಳಿಗೆ ಗಾಜಿನಂಥ ತೆಳು ಲೇಪ ಕೊಟ್ಟರೆ ಸೆಳೆಯುತ್ತದೆ ಎಂದು ನಾದಿನಿ ಕಂಡುಹಿಡಿದಿದ್ದಳು. ಎಷ್ಟು ಸಲ ಅಳೆದರೂ ಅದೇ ಉತ್ತರ. ಮಧ್ಯಾಹ್ನ ಊಟವಾದ ಮೇಲೆ ಇಡೀ ವಿಭಾಗದ ಮುಂದೆ ಅದನ್ನು ಹೇಳಬೇಕಿತ್ತು. ಅವಳ ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ.

ಅದೇ ಪ್ರಯೋಗಾಲಯದಲ್ಲಿ ಅತ್ತಿಗೆಗೂ ಕೆಲಸ. ಗ್ರಾಫ್‌ಗೆ ಇನ್ನೊಂದು ಗೆರೆ ಬೇಕು, ನೀವೇ ಒಂದು ಸಲ ಅಳೆದುಕೊಡಿ ಎಂದು ನಾದಿನಿ ಬೆಳಿಗ್ಗೆ ಹೇಳಿ ಹೋಗಿದ್ದಳು. ಲೇಪ ಒಣಗಿದ ಪುಡಿ ತಟ್ಟೆಗೆ ಗಾರೆಯಂತೆ ಅಂಟಿತ್ತು. ಅತ್ತಿಗೆ ಮರದ ಕಡ್ಡಿಯಿಂದ ಮೀಟಿ ಒಂದು ತುಣುಕು ಎಬ್ಬಿಸಿ, ಅಯಸ್ಕಾಂತದ ಸೆಳೆತ ಅಳೆಯುವ ಯಂತ್ರಕ್ಕೆ ಕೊಟ್ಟಳು.

ಪರದೆಯ ಗೆರೆ ಅಲುಗಲಿಲ್ಲ. ಯಂತ್ರ ಕೆಟ್ಟಿತೇನೋ ಎಂದು, ಅಯಸ್ಕಾಂತ ಸೆಳೆಯುವ ನಿಕಲ್ ಚೂರು ಇಟ್ಟು ನೋಡಿದಳು. ಸರಿಯಾಗೇ ಇತ್ತು. ಮತ್ತೆ ಪುಡಿ. ಮತ್ತೆ ಏನಿಲ್ಲ.

ನಾದಿನಿ ಬಂದು ನೋಡಿ ಬೇರೆ ತಟ್ಟೆಯಿಂದ ತೆಗೆದಿರಾ ಎಂದಳು. ಇಲ್ಲ, ಇದೇ ತಟ್ಟೆ. ಯಾವುದರಿಂದ ತೆಗೆದಿರಿ? ಅತ್ತಿಗೆ ಕಡ್ಡಿ ತೋರಿಸಿದಳು.

ನಾದಿನಿ ತನ್ನ ಚಾಕುವಿನತ್ತ ತಿರುಗಿದಳು. ಲೇಪವಿಲ್ಲದ ಪುಡಿ ಹಿಟ್ಟಿನಂತೆ ಉದುರುತ್ತದೆ. ಅದನ್ನು ಸೀಸೆಯಿಂದ ನೇರ ಸುರಿಯುತ್ತಿದ್ದಳು. ಅಂಟಿದ್ದನ್ನು ಮಾತ್ರ ಉಕ್ಕಿನ ಚಾಕುವಿನಿಂದ ಕೆರೆಯುತ್ತಿದ್ದಳು, ಪ್ರತಿ ಸಲವೂ. ಈಗ ಅವಳು, ಅತ್ತಿಗೆ ಅಳೆದಿದ್ದ ತುಣುಕನ್ನೇ ಹೊರತೆಗೆದು, ಅದೇ ಚಾಕುವಿನಿಂದ ಕೆರೆದು ಪುಡಿಮಾಡಿ, ಮತ್ತೆ ಯಂತ್ರಕ್ಕೆ ಕೊಟ್ಟಳು. ಗೆರೆ ಮೇಲೆದ್ದಿತು.

"ಇಷ್ಟು ದಿನ ನಾನು ಅಳೆದಿದ್ದು ಚಾಕುನಾ, ಅತ್ತಿಗೆ?"

"ಹೂಂ ಕಣೇ. ಅದರ ಚೂರನ್ನ."

ನಾದಿನಿ ಸ್ಟೂಲಿನ ಮೇಲೆ ಕೂತಳು. ಅಮ್ಮ ಬೀದಿಗೆಲ್ಲ ಹೇಳಿಬಿಟ್ಟಿದ್ದಾರೆ ಎಂದಳು.

"ಬೀದಿಯವರಿಗೆ ಹೇಗೂ ಅರ್ಥ ಆಗಿಲ್ಲ, ಬಿಡು. ಅರ್ಥ ಆಗೋರು ಹಾಲ್‌ನಲ್ಲಿ ಕೂತಿರ್ತಾರೆ. ಅವರಿಗೆ ನೀನೇ ಹೇಳು. ನಾಳೆ ಬೇರೆ ಯಾರೋ ಹೇಳೋ ಹಾಗಾಗಬಾರದು."

ನಾದಿನಿಯ ಪಿಎಚ್‌ಡಿ ಗೈಡ್ ಹಾಲ್‌ನ ಬಾಗಿಲಲ್ಲೇ ಸಿಕ್ಕರು. ಬೇರೆ ಕಾಲೇಜಿನವರನ್ನೂ ಕರೆಸಿ, ಬೆಳಿಗ್ಗೆಯಿಂದ ಎಲ್ಲರ ಹತ್ತಿರ ಕೊಚ್ಚಿಕೊಂಡಿದ್ದವರು ಅವರು. ನಾದಿನಿ ಹೇಳಿ ಮುಗಿಸಿದಾಗ ಅವರ ಕೈಯಲ್ಲಿದ್ದ ಟೀ ಲೋಟ ವಾಲಿ, ಟೀ ಬೂಟಿನ ಮೇಲೆ ಸುರಿಯುತ್ತಿತ್ತು. ಅವರಿಗೆ ಅದರ ಪರಿವೆಯಿರಲಿಲ್ಲ.

"ಎಲ್ಲಾ ಸಲಾನೂ ಚಾಕುನೇನಮ್ಮ?"

"ಎಲ್ಲಾ ಸಲಾನೂ, ಸರ್."

ಅವರು ಲೋಟವನ್ನು ಕಿಟಕಿಯಲ್ಲಿಟ್ಟರು. ಎರಡೂ ಗೆರೆ ತೋರಿಸು, ನಾನು ಮುಂದಿನ ಸಾಲಲ್ಲೇ ಕೂತಿರ್ತೀನಿ ಎಂದರು.

ಕಡ್ಡಿಯ ಗೆರೆ, ಚಾಕುವಿನ ಗೆರೆ ಹಾಲ್‌ನ ಪರದೆಯ ಮೇಲೆ ಅಕ್ಕಪಕ್ಕ ಮೂಡಿದವು. ನಾದಿನಿ ಚಾಕುವಿನ ಕಥೆಯನ್ನು ಮೊದಲಿನಿಂದ ಹೇಳಿದಳು. ಅವಳ ಮಾತು ಮುಗಿಯುವ ಮೊದಲೇ ಹಿಂದಿನ ಸಾಲಿನಲ್ಲಿದ್ದ, ತಮ್ಮ ಪುಡಿಯನ್ನೂ ಉಕ್ಕಿನ ಚಾಕುವಿನಿಂದಲೇ ಕೆರೆಯುತ್ತಿದ್ದ ಪಕ್ಕದ ಪ್ರಯೋಗಾಲಯದ ಹಿರಿಯರೊಬ್ಬರು ಎದ್ದು, ಚೀಲ ಅಲ್ಲೇ ಬಿಟ್ಟು, ತಮ್ಮ ಕೋಣೆಯತ್ತ ಓಡಿದರು.